ಕಾರ್ಬನ್ ಶಾಫ್ಟ್ ಹಾಕಿಸಲೋ, ಸೆಂಟರ್ ಬೇರಿಂಗ್ ಬದಲಿಸಲೋ?

ಬ್ಯೂಗಲ್‌ರಾಕ್:
ಎಲ್ಲರಿಗೂ ನಮಸ್ಕಾರ. ನನ್ನದು ಹತ್ತು ವರ್ಷ ಹಳೆಯ ಸೆಡಾನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಹಿಂದಿನ ಚಕ್ರಕ್ಕೆ ಡ್ರೈವ್. ಮೈಸೂರು ಹೈವೇಯಲ್ಲಿ 80 ದಾಟಿದ ಕೂಡಲೇ ಸೀಟಿನ ಕೆಳಗೆ ಜುಂಯ್ ಅಂತ ಅದುರಲು ಶುರುವಾಗುತ್ತದೆ. 100ರ ಹತ್ತಿರ ಕನ್ನಡಿಯಲ್ಲಿ ಹಿಂದಿನ ಲಾರಿ ಮಸುಕು ಮಸುಕು. ಗ್ಯಾರೇಜಿನವರು ಕೆಳಗೆ ಇಣುಕಿ, ಪ್ರೊಪೆಲ್ಲರ್ ಶಾಫ್ಟ್‌ನ (ಎಂಜಿನ್ ಕಡೆಯ ಓಟವನ್ನು ಹಿಂದಕ್ಕೆ ಒಯ್ಯುವ ಉದ್ದ ಕೊಳವೆ) ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ಹೋಗಿದೆ, ಪೂರ್ತಿ ಶಾಫ್ಟೇ ಹೊಸದು ಹಾಕಿಸಿ ಅಂದರು. ರೇಟು ಕೇಳಿ ಮಾತಾಡದೆ ಮನೆಗೆ ಬಂದೆ.

ಹೇಗೂ ದುಡ್ಡು ಹೋಗುತ್ತದೆ, ಹೊರದೇಶದಿಂದ ಕಾರ್ಬನ್ ಫೈಬರ್ ಶಾಫ್ಟನ್ನೇ ತರಿಸಿದರೆ ಹೇಗೆ ಅಂತ ಈಗ ತಲೆಗೆ ಹುಳ ಬಿಟ್ಟುಕೊಂಡಿದ್ದೇನೆ. ಒಂದೇ ತುಂಡು, ಸೆಂಟರ್ ಬೇರಿಂಗಿನ ರಗಳೆಯೇ ಇಲ್ಲ, ತೂಕ ಹತ್ತಿರ ಹತ್ತಿರ ಅರ್ಧ. ಪಿಕಪ್ ಕೂಡ ಜಾಸ್ತಿಯಾಗುತ್ತದಂತೆ. ಯಾರಾದರೂ ಹಾಕಿಸಿದ್ದೀರಾ?

ರೆಡ್‌ಲೈನ್ ರಾಜಾಜಿನಗರ:
ಹಾಕಿಸಿ ಗುರು, ಯೋಚನೆ ಮಾಡಬೇಡಿ. ಮದ್ರಾಸ್ ಟ್ರ್ಯಾಕಿನಲ್ಲಿ ಗೆಳೆಯನ ಗಾಡಿ ಓಡಿಸಿದ್ದೇನೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ಎದ್ದು ಹೋಗುತ್ತದೆ. ತಿರುಗುವ ತೂಕ ಇಳಿಸುವುದಕ್ಕೂ ಸುಮ್ನೆ ಕೂತಿರುವ ತೂಕ ಇಳಿಸುವುದಕ್ಕೂ ತುಂಬಾ ವ್ಯತ್ಯಾಸ ಇದೆ. ನಿಸ್ಸಾನ್ ಜಿಟಿ-ಆರ್, ಮಾಜ್ದಾ ಆರ್‌ಎಕ್ಸ್-8, 2014ರ ಬಿಎಂಡಬ್ಲ್ಯು ಎಂ3, ಎಂ4, ಎಲ್ಲಕ್ಕೂ ಕಂಪನಿಯಿಂದಲೇ ಕಾರ್ಬನ್ ಶಾಫ್ಟ್ ಬಂದಿತ್ತು. ಅವರೇನು ದಡ್ಡರಾ?

ಸುಮ್ನೆ ಓದುಗ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಸ್ವಿಫ್ಟ್‌ಗೆ ಇದು ಸಿಗುತ್ತಾ?

ಪೀಣ್ಯ ಲೇತ್:
ಅಣ್ಣ, ನಿಮ್ಮ ಗಾಡಿಗೆ ಆ ಶಾಫ್ಟೇ ಇಲ್ಲ. ಎಂಜಿನ್ನು, ಗೇರ್‌ಬಾಕ್ಸು, ಡ್ರೈವು ಎಲ್ಲ ಮುಂದೆಯೇ. ಮುಂದಿನ ಚಕ್ರಕ್ಕೆ ಎರಡು ಚಿಕ್ಕ ಆಕ್ಸಲ್ ಹೋಗುತ್ತವೆ, ಅಷ್ಟೇ. ಪ್ರೊಪೆಲ್ಲರ್ ಶಾಫ್ಟ್ ಬೇಕಾಗುವುದು ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ಗೆ, ಅಂದರೆ ಎರಡು ಹಿಂದಿನ ಚಕ್ರಕ್ಕೆ ಓಟ ಹಂಚುವ ಗೇರ್ ಪೆಟ್ಟಿಗೆಗೆ, ಓಟ ತಲುಪಿಸಲು. ಬೊಲೆರೋ, ಸ್ಕಾರ್ಪಿಯೋ, ಕ್ರಿಸ್ಟಾ, ಈಕೋ ಇವುಗಳಲ್ಲಿ ನೋಡಬಹುದು. ಇನೋವಾದಲ್ಲೇ ಹೈಕ್ರಾಸ್‌ಗೆ ಬಂದರೆ ಅದೂ ಮುಂದಿನ ಚಕ್ರದ ಡ್ರೈವು, ಶಾಫ್ಟ್ ಇಲ್ಲ. ನಿಮ್ಮ ದುಡ್ಡು ಉಳಿಯಿತು, ಒಂದು ಕಾಫಿ ಕುಡಿಯಿರಿ.

ಲೆಕ್ಕದ ಮೇಷ್ಟ್ರು:
ರೆಡ್‌ಲೈನ್ ಅವರ 'ತಿರುಗುವ ತೂಕ' ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಒಂದು ಸಲ ಲೆಕ್ಕ ಹಾಕಿ ನೋಡೋಣ, ಕಾಗದ ಪೆನ್ಸಿಲ್ ಸಾಕು.

5 ಕೆಜಿ ಉಳಿಯಿತು ಅಂತಿಟ್ಟುಕೊಳ್ಳಿ. ಶಾಫ್ಟ್ ಅನ್ನುವುದು ಒಂದು ತೆಳು ಕೊಳವೆ, ನಡುವಿನಿಂದ ಅಂಚಿಗೆ ಮೂರೂವರೆ ಸೆಂಟಿಮೀಟರ್ ಅಂದುಕೊಳ್ಳೋಣ. ತಿರುಗಿಸಲು ಎಷ್ಟು ಕಷ್ಟ ಅನ್ನುವುದು ತೂಕವನ್ನು ತ್ರಿಜ್ಯದ ವರ್ಗದಿಂದ ಗುಣಿಸಿದಷ್ಟು. 5 × 0.035 × 0.035, ಅಂದರೆ 0.006. ಈಗ ಡಿಫರೆನ್ಷಿಯಲ್ ಅನುಪಾತ 4 (ಶಾಫ್ಟ್ ನಾಲ್ಕು ಸುತ್ತಿದರೆ ಚಕ್ರ ಒಂದು ಸುತ್ತು), ಟೈರಿನ ತ್ರಿಜ್ಯ 30 ಸೆಂ.ಮೀ. ಅಂತ ಇಟ್ಟು ಇದನ್ನು ರಸ್ತೆಯ ಮೇಲಿನ ತೂಕದ ಲೆಕ್ಕಕ್ಕೆ ಬದಲಿಸಿದರೆ ಬರುವುದು 1.1 ಕೆಜಿ. ಒಟ್ಟು ಲಾಭ 5 ಮತ್ತು 1, ಸುಮಾರು 6 ಕೆಜಿ. ಗಾಡಿ, ಡ್ರೈವರ್ ಸೇರಿ 1600 ಕೆಜಿ. 100 ಕಿ.ಮೀ. ವೇಗ ಮುಟ್ಟಲು 10 ಸೆಕೆಂಡ್ ತಗೊಳ್ಳುವ ಗಾಡಿ ಇನ್ನು ಮೇಲೆ 9.96 ಸೆಕೆಂಡ್ ತಗೊಳ್ಳುತ್ತದೆ. ಡಿಕ್ಕಿಯಲ್ಲಿರುವ ನೀರಿನ ಕ್ಯಾನ್ ತೆಗೆದು ಮನೆಯಲ್ಲಿಟ್ಟರೂ ಇಷ್ಟೇ ಸಿಗುತ್ತದೆ.

ಕೊಳವೆ ಸಣ್ಣದು, ಅದೇ ಕಾರಣ. ಅದೇ ದುಡ್ಡಿಗೆ ನಾಲ್ಕೂ ಚಕ್ರಕ್ಕೆ ತಲಾ 2 ಕೆಜಿ ಹಗುರವಾದ ರಿಮ್ ಹಾಕಿಸಿದರೆ ಇದರ ಎರಡರಷ್ಟು ಲಾಭ ಇದೆ. ಹಳ್ಳಕ್ಕೆ ಬಿದ್ದಾಗ ಸಸ್ಪೆನ್ಷನ್‌ಗೂ ಹಗುರ.

ರೆಡ್‌ಲೈನ್ ರಾಜಾಜಿನಗರ:
ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಇಲ್ಲ. 6 ಕೆಜಿಗೋಸ್ಕರ ಅಷ್ಟು ದೊಡ್ಡ ಕಂಪನಿಗಳು ಕಾರ್ಬನ್ ಯಾಕೆ ಹಾಕಿದವು?

ಎಳೆ ನಲವತ್ತೈದು:
ಇದಕ್ಕೆ ನಾನು ಹೇಳಬಹುದು. ಕಾಂಪೋಸಿಟ್, ಅಂದರೆ ಕಾರ್ಬನ್ ಥರದ ಎಳೆಗಳನ್ನು ರೆಸಿನ್ ಅನ್ನುವ ಅಂಟಿನಲ್ಲಿ ಕೂಡಿಸಿ ಮಾಡುವ ವಸ್ತು, ಅದರ ಕೆಲಸದಲ್ಲೇ ಕೂದಲು ಬೆಳ್ಳಗಾಗಿದೆ. ತೇಜಸ್ ವಿಮಾನ ತಯಾರಾಗುವ ಊರು ನಮ್ಮದು, ಅದರ ಮೈಯಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 45 ಭಾಗ ಈ ಬಗೆಯ ವಸ್ತು. ಕಾರ್ಬನ್ ಬಗ್ಗೆ ನನಗೆ ಪ್ರೀತಿ ಇದೆ, ಅದಕ್ಕೇ ಅದನ್ನು ಸಲ್ಲದ ಕಡೆ ತುರುಕಿದರೆ ಬೇಜಾರಾಗುತ್ತದೆ.

ಕಾರಣ ತೂಕಕ್ಕಿಂತ ಹೆಚ್ಚಾಗಿ ಉದ್ದ. ಇಬ್ಬರು ಹುಡುಗಿಯರು ಸ್ಕಿಪ್ಪಿಂಗ್ ಹಗ್ಗ ಹಿಡಿದು ತಿರುಗಿಸುವುದನ್ನು ನೋಡಿದ್ದೀರಲ್ಲ? ಉದ್ದ ಕೊಳವೆಯನ್ನು ಜೋರಾಗಿ ತಿರುಗಿಸಿದರೆ ಒಂದು ವೇಗದಲ್ಲಿ ಅದರ ನಡುವೂ ಹಾಗೇ ಹೊರಕ್ಕೆ ಬಾಗಿ ಸುತ್ತಲು ಶುರುಮಾಡುತ್ತದೆ. ಅದನ್ನು ಕ್ರಿಟಿಕಲ್ ಸ್ಪೀಡ್ ಅನ್ನುತ್ತೇವೆ. ಅಲ್ಲಿಗೆ ಹೋದರೆ ಶಾಫ್ಟ್ ಉಳಿಯುವುದಿಲ್ಲ. ಉದ್ದ ಎರಡರಷ್ಟಾದರೆ ಈ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಕಂಪನಿಗಳು ಉದ್ದ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಬೇರಿಂಗ್ ಇಡುತ್ತವೆ. ಬ್ಯೂಗಲ್‌ರಾಕ್ ಅವರ ರಗಳೆಯ ಮೂಲ ಅದು.

ಅಲ್ಯೂಮಿನಿಯಮ್ ಹಾಕಿದರೆ? ತೂಕ ಇಳಿಯುತ್ತದೆ, ಬಿಗಿಯೂ (ಬಾಗದೆ ನಿಲ್ಲುವ ಗುಣ) ಅಷ್ಟೇ ಇಳಿಯುತ್ತದೆ. ಈ ಲೆಕ್ಕದಲ್ಲಿ ಸ್ಟೀಲಿಗೂ ಅದಕ್ಕೂ ಹೆಚ್ಚು ಕಡಿಮೆ ಸಮ. ಕಾರ್ಬನ್ ಮಾತ್ರ ಹಗುರವೂ ಹೌದು, ಉದ್ದಕ್ಕೆ ಬಿಗಿಯೂ ಹೌದು. ಹಾಗಾಗಿ ಒಂದೇ ತುಂಡಿನಲ್ಲಿ ಕೆಲಸ ಮುಗಿಸಬಹುದು. ಎಂ3ಯಲ್ಲಿ ಮಾಡಿದ್ದು ಅದನ್ನೇ.

ಜಿಟಿ-ಆರ್ ಕಥೆ ಇನ್ನೂ ಬೇರೆ. ಅದರ ಗೇರ್‌ಬಾಕ್ಸ್ ಇರುವುದು ಹಿಂದೆ. ಅಂದರೆ ಶಾಫ್ಟ್ ಯಾವಾಗಲೂ ಎಂಜಿನ್ ವೇಗದಲ್ಲೇ ತಿರುಗಬೇಕು. ಎಂಜಿನ್ ನಿಮಿಷಕ್ಕೆ 7000 ಸುತ್ತು ಅಂದರೆ ಶಾಫ್ಟೂ 7000. ಮೇಷ್ಟ್ರು ತಮ್ಮ ಲೆಕ್ಕಕ್ಕೆ ಮೊದಲ ಗೇರಿನ ಅನುಪಾತವನ್ನೂ ಸೇರಿಸಿ ನೋಡಲಿ.

ಲೆಕ್ಕದ ಮೇಷ್ಟ್ರು:
ನೋಡಿದೆ. ಮೊದಲ ಗೇರ್ 4 ಅಂತ ಹಿಡಿದರೆ 1.1 ಇದ್ದದ್ದು 17 ಕೆಜಿ ಆಗುತ್ತದೆ! ಅನುಪಾತ ವರ್ಗವಾಗಿ ಬರುತ್ತದಲ್ಲ, ನಾಲ್ಕು ನಾಲ್ಕಲ ಹದಿನಾರು. ಅಂಥ ಗಾಡಿಗೆ ಕಾರ್ಬನ್ ಹಾಕುವುದರಲ್ಲಿ ಅರ್ಥ ಇದೆ, ಒಪ್ಪಿದೆ. ಸಾಮಾನ್ಯ ಗಾಡಿಯಲ್ಲಿ ಗೇರ್‌ಬಾಕ್ಸ್ ಮುಂದೆಯೇ ವೇಗ ಇಳಿಸಿ ಕೊಡುತ್ತದೆ. 100 ಕಿ.ಮೀ.ನಲ್ಲಿ ಶಾಫ್ಟ್ ತಿರುಗುವುದು ನಿಮಿಷಕ್ಕೆ 3500 ಸುತ್ತು, ಅಷ್ಟೇ. ಮೈಸೂರು ಹೈವೇಯ ಮಿತಿ ಎಷ್ಟು? ಅದೇ 100.

ಹಳೇಜೀಪ್:
ನೀವೆಲ್ಲ ಟ್ರ್ಯಾಕು, ಹೈವೇ ಅಂತಿದ್ದೀರಿ. ನಮ್ಮ ಏರಿಯಾದ ಹಂಪ್ ನೋಡಿದ್ದೀರಾ? ಪೇಪರಿನವರು 'ಅವೈಜ್ಞಾನಿಕ' ಅಂತ ಬರೆಯುತ್ತಾರಲ್ಲ, ಆ ಜಾತಿಯದು. ನಾಲ್ಕು ಜನ ಕೂತರೆ ಸೆಡಾನ್ ಹೊಟ್ಟೆ ಉಜ್ಜಿಕೊಂಡೇ ಹೋಗಬೇಕು. ಸಕಲೇಶಪುರದ ಕಡೆ ಒಂದು ಸಲ ನನ್ನ ಜೀಪಿನ ಶಾಫ್ಟಿಗೆ ಕಲ್ಲು ಬಡಿದು ಬಾಗಿತು. ಅಲ್ಲೇ ಹಿಂದಿನ ಶಾಫ್ಟ್ ಬಿಚ್ಚಿ ಒಳಗಿಟ್ಟು, ಮುಂದಿನ ಚಕ್ರದ ಡ್ರೈವಲ್ಲೇ ಊರು ಸೇರಿದೆ. ಆಮೇಲೆ ಜೆ.ಸಿ. ರೋಡಿನಲ್ಲಿ ನೇರ ಮಾಡಿಸಿ, ಬ್ಯಾಲೆನ್ಸ್ ಮಾಡಿಸಿ ಹಾಕಿದೆ. ಇವತ್ತಿಗೂ ಓಡುತ್ತಿದೆ. ಕಾರ್ಬನ್ ಆಗಿದ್ದರೆ?

ಎಳೆ ನಲವತ್ತೈದು:
ಕಾರ್ಬನ್ ಆಗಿದ್ದರೆ ಬಾಗುತ್ತಿರಲಿಲ್ಲ. ಅದೇ ತೊಂದರೆ. ಹೊರಗೆ ಒಂದು ಗೀರು ಮಾತ್ರ ಕಾಣುತ್ತದೆ, ಒಳಗೆ ಪದರಗಳು ಬಿಟ್ಟುಕೊಂಡಿರಬಹುದು. ನಾವು ಮೊದಲ ಪರೀಕ್ಷೆಗೆ ನಾಣ್ಯ ತಗೊಂಡು ಟಕ್ ಟಕ್ ಅಂತ ಬಡಿಯುತ್ತೇವೆ. ಗಟ್ಟಿ ಇದ್ದ ಕಡೆ ಸ್ಪಷ್ಟ ಸದ್ದು, ಪದರ ಬಿಟ್ಟ ಕಡೆ ಮಂಕು ಸದ್ದು. ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡುವ ಹಾಗೆಯೇ. ಆದರೆ ಎಷ್ಟು ಗ್ಯಾರೇಜಿನಲ್ಲಿ ಇದನ್ನು ಮಾಡುತ್ತಾರೆ?

ಇನ್ನೆರಡು ಮಾತು. ಎಳೆಗಳನ್ನು ಯಾವ ಕೋನಕ್ಕೆ ಸುತ್ತಿದ್ದಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ತಿರುಚುವ ಬಲ ತಡೆಯಲು 45 ಡಿಗ್ರಿ ಬೇಕು, ಬಾಗದೆ ಇರಲು ಉದ್ದಕ್ಕೆ ಓಡುವ ಎಳೆ ಬೇಕು. ಮೇಲಿನ ಹೊಳೆಯುವ ಚೆಕ್ಸ್ ಡಿಸೈನ್ ನೋಡಿದರೆ ಒಳಗೆ ಏನಿದೆ ಅಂತ ದೇವರಾಣೆ ಗೊತ್ತಾಗುವುದಿಲ್ಲ. ಎರಡನೆಯದು ತುದಿಯ ಲೋಹದ ಭಾಗ. ಕೊಳವೆಗೆ ಅದನ್ನು ಸಾಮಾನ್ಯವಾಗಿ ಅಂಟಿನಿಂದ ಕೂಡಿಸಿರುತ್ತಾರೆ, ಕಾರ್ಬನ್ನಿಗೆ ವೆಲ್ಡಿಂಗ್ ಆಗುವುದಿಲ್ಲ. ಸೈಲೆನ್ಸರ್ ಪೈಪು ಪಕ್ಕದಲ್ಲೇ ಓಡುತ್ತದೆ. ಹೀಟ್ ಶೀಲ್ಡ್ ಕಳಚಿ ಬಿದ್ದ ಹಳೆ ಗಾಡಿಯಲ್ಲಿ ಆ ಕಾವು ಅಂಟಿಗೂ ರೆಸಿನ್ನಿಗೂ ಒಳ್ಳೆಯದಲ್ಲ.

ರೆಡ್‌ಲೈನ್ ಅವರಿಗೆ ಇನ್ನೊಂದು ಸುದ್ದಿ. ನೀವು ಹೇಳಿದ ಎಂ3, ಎಂ4 ಗಾಡಿಗಳಿಗೇ 2017ರ ಕೊನೆಯಿಂದ ಬಿಎಂಡಬ್ಲ್ಯು ವಾಪಸ್ ಸ್ಟೀಲ್ ಶಾಫ್ಟ್ ಹಾಕಿತು. ಹೊಗೆ ನಿಯಮಕ್ಕೆ ಎಕ್ಸಾಸ್ಟಿನಲ್ಲಿ ಫಿಲ್ಟರ್ ಕೂರಿಸಬೇಕಿತ್ತು, ದಪ್ಪ ಕಾರ್ಬನ್ ಕೊಳವೆ ಜಾಗ ಬಿಡುತ್ತಿರಲಿಲ್ಲ.

ರೆಡ್‌ಲೈನ್ ರಾಜಾಜಿನಗರ:
ಜಾಗ ಸಾಲದೆ ತೆಗೆದರು, ಕೆಟ್ಟದ್ದು ಅಂತ ತೆಗೆದಿದ್ದಲ್ಲ. ಅದನ್ನೂ ಹೇಳಿ ಸಾರ್.

ಸ್ಟೀಲ್ ಶಾಫ್ಟ್ ಓಡುವಾಗ ಮುರಿದರೆ ಏನಾಗುತ್ತದೆ ಅಂತಲೂ ಯಾರೂ ಹೇಳಲಿಲ್ಲ. ಮುಂದಿನ ತುದಿ ಕಳಚಿ ರಸ್ತೆಗೆ ಚುಚ್ಚಿಕೊಂಡರೆ ಗಾಡಿಯನ್ನೇ ಎತ್ತಿಬಿಡುತ್ತದೆ. ಡ್ರ್ಯಾಗ್ ರೇಸಿನಲ್ಲಿ ಶಾಫ್ಟಿನ ಸುತ್ತ ಕಬ್ಬಿಣದ ಬಳೆ ಹಾಕುವುದು ಅದಕ್ಕೇ. ಕಾರ್ಬನ್ ಕೊಳವೆ ಮುರಿದರೆ ಪೊರಕೆ ಥರ ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ನೆಲ ಒಡೆದು ಒಳಗೆ ಬರುವ ಭಯ ಕಡಿಮೆ. ಪವರ್ ಎರಡರಷ್ಟು ಮಾಡಿಸಿಕೊಂಡ ಗಾಡಿಗೆ ಇದು ಸಣ್ಣ ವಿಷಯ ಅಲ್ಲ. ನಡುಕವನ್ನೂ ಕಾರ್ಬನ್ ತಾನೇ ನುಂಗಿಕೊಳ್ಳುತ್ತದೆ. ನನ್ನ ಗೆಳೆಯನ ಗಾಡಿಯಲ್ಲಿ ಗುಂಯ್ ಅನ್ನುವ ಸದ್ದೇ ಹೋಯಿತು.

ಎಳೆ ನಲವತ್ತೈದು:
ಇವೆರಡೂ ನಿಜ. ಅದರಲ್ಲಿ ತಕರಾರಿಲ್ಲ.

ಪೀಣ್ಯ ಲೇತ್:
ಚರ್ಚೆ ಚೆನ್ನಾಗಿದೆ, ಆದರೆ ಗಾಡಿ ಯಾಕೆ ಅದುರುತ್ತಿದೆ ಅಂತಲೇ ಯಾರೂ ನೋಡಿಲ್ಲ. ಸ್ವಾಮಿ ಬ್ಯೂಗಲ್‌ರಾಕ್, ಮೊದಲು ಇಷ್ಟು ಮಾಡಿ. ಖಾಲಿ ರಸ್ತೆಯಲ್ಲಿ 90ಕ್ಕೆ ಹೋಗಿ ನ್ಯೂಟ್ರಲ್ ಹಾಕಿ. ಅದುರು ಹಾಗೇ ಇದ್ದರೆ ಎಂಜಿನ್ ಮೌಂಟಿಂಗಿನ ತಪ್ಪಲ್ಲ. ಸ್ಟಿಯರಿಂಗ್ ಆಡಿದರೆ ಮುಂದಿನ ಚಕ್ರ ನೋಡಿ. ಸೀಟು ಧಡ ಧಡ ಅಂತ ನಿಧಾನಕ್ಕೆ ಕುಲುಕಿದರೆ ಹಿಂದಿನ ಚಕ್ರ. ಜುಂಯ್ ಅಂತ ಸಣ್ಣಗೆ, ಬೇಗ ಬೇಗ ಅದುರಿದರೆ ಶಾಫ್ಟ್ ಮೇಲೆ ಅನುಮಾನ. ಶಾಫ್ಟು ಚಕ್ರಕ್ಕಿಂತ ನಾಲ್ಕರಷ್ಟು ಬೇಗ ತಿರುಗುತ್ತದಲ್ಲ.

ಆಮೇಲೆ ಪಿಟ್ ಮೇಲೆ ನಿಲ್ಲಿಸಿ. ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯಾ ನೋಡಿ. ಹರಿದಿದ್ದರೆ ಬೇರಿಂಗ್ ಮಾತ್ರ ಬದಲಿಸಬಹುದು, ಇಡೀ ಶಾಫ್ಟ್ ಎಸೆಯಬೇಕಿಲ್ಲ. ಗೇರ್‌ಬಾಕ್ಸ್ ತುದಿಯಲ್ಲಿ ರಬ್ಬರ್ ಡಿಸ್ಕ್ ಇದ್ದರೆ ಅದರ ಬೋಲ್ಟ್ ತೂತಿನ ಸುತ್ತ ಬಿರುಕು ಹುಡುಕಿ. ಯುಜೆ ಕ್ರಾಸ್ (ಶಾಫ್ಟಿನ ಕೀಲು) ಹಿಡಿದು ಅಲ್ಲಾಡಿಸಿ, ಆಟ ಇರಬಾರದು.

ಮುಖ್ಯವಾದದ್ದು ಇದು. ಎರಡು ತುಂಡಿನ ಶಾಫ್ಟನ್ನು ಕೂಡಿಸಿಯೇ ಬ್ಯಾಲೆನ್ಸ್ ಮಾಡಿರುತ್ತಾರೆ. ಬಿಚ್ಚುವ ಮೊದಲು ಎರಡರ ಮೇಲೂ ಪೇಂಟಿನಲ್ಲಿ ಗುರುತು ಹಾಕಬೇಕು, ಅದೇ ಗುರುತಿಗೆ ಕೂಡಿಸಬೇಕು. ಅವಸರದ ಮೆಕ್ಯಾನಿಕ್ ಎರಡು ತುಂಡು ಕೂಡುವ ಹಲ್ಲುಗಳನ್ನು ಆಚೀಚೆ ಕೂರಿಸಿದರೆ ಹೊಸ ಬೇರಿಂಗ್ ಹಾಕಿದರೂ ಅದುರುತ್ತದೆ. ಹಿಂದಿನ ಓನರ್ ಆ ಶಾಫ್ಟ್ ಬಿಚ್ಚಿಸಿದ್ದರಾ, ಕೇಳಿ.

ಸುಮ್ನೆ ಓದುಗ:
ಇದಕ್ಕೆ ಆರ್‌ಟಿಒ ಕಾಟ ಏನೂ ಇಲ್ವಾ? ನನಗೆ ಶಾಫ್ಟ್ ಇಲ್ಲದಿದ್ದರೂ ಕುತೂಹಲ.

ಲೆಕ್ಕದ ಮೇಷ್ಟ್ರು:
ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡು ಬೇಡ ಅನ್ನುತ್ತದೆ. ಶಾಫ್ಟ್ ಯಾವುದರಿಂದ ಮಾಡಿದ್ದು ಅಂತ ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಇನ್ಶೂರೆನ್ಸ್‌ನವರಿಗೆ ಮಾತ್ರ ಮೊದಲೇ ಬರೆದು ತಿಳಿಸಿ. ಕ್ಲೇಮ್ ಮಾಡುವಾಗ ಅವರಿಗೆ ಹೊಸದಾಗಿ ಗೊತ್ತಾಗುವುದು ಒಳ್ಳೆಯದಲ್ಲ.

ಬ್ಯೂಗಲ್‌ರಾಕ್:
ಮೂರು ವಾರ ಕಾಣಿಸಿಕೊಳ್ಳಲಿಲ್ಲ, ಕ್ಷಮಿಸಿ. ಪೀಣ್ಯ ಲೇತ್ ಹೇಳಿದ ಹಾಗೆ ಹಿಂದಿನ ಓನರಿಗೆ ಫೋನ್ ಮಾಡಿದೆ. ಗೇರ್‌ಬಾಕ್ಸ್ ಕೆಲಸಕ್ಕೆ ಅಂತ ಹೋದ ವರ್ಷ ಶಾಫ್ಟ್ ಬಿಚ್ಚಿಸಿದ್ದರಂತೆ. ಜೆ.ಸಿ. ರೋಡಿನ ಹಿಂದಿನ ಗಲ್ಲಿಯಲ್ಲಿ ಶಾಫ್ಟ್ ಕೆಲಸ ಮಾತ್ರ ಮಾಡುವ ಒಬ್ಬ ಯಜಮಾನರ ಹತ್ತಿರ ಹೋದೆ. ಕೆಳಗೆ ಮಲಗಿ ಟಾರ್ಚ್ ಬಿಟ್ಟವರೇ ನಕ್ಕರು. ಬಿಳಿ ಗುರುತು ಒಂದು ತುಂಡಿನಲ್ಲಿ ಮೇಲೆ, ಇನ್ನೊಂದರಲ್ಲಿ ಪಕ್ಕಕ್ಕೆ. ಬೇರಿಂಗಿನ ರಬ್ಬರೂ ಹರಿದಿತ್ತು, ಅದು ಅದುರಿ ಅದುರಿ ಹರಿದದ್ದು ಅಂದರು. ಬೇರಿಂಗ್ ಹೊಸದು, ಗುರುತಿಗೆ ಜೋಡಣೆ, ಮಿಷಿನ್ ಮೇಲೆ ಬ್ಯಾಲೆನ್ಸು. ಸಂಜೆ ಅಷ್ಟೊತ್ತಿಗೆ ಗಾಡಿ ಕೈಗೆ ಬಂತು. ಹೊಸ ಶಾಫ್ಟಿಗೆ ಹೇಳಿದ್ದ ರೇಟಿನ ಹತ್ತನೇ ಒಂದು ಭಾಗವೂ ಆಗಲಿಲ್ಲ.

ಭಾನುವಾರ ಮದ್ದೂರಿನ ತನಕ ಹೋಗಿ ವಡೆ ತಿಂದು ಬಂದೆ. 100ರಲ್ಲಿ ಕನ್ನಡಿಯೊಳಗಿನ ಲಾರಿಯ ನಂಬರ್ ಪ್ಲೇಟ್ ಓದಬಹುದು.

ರೆಡ್‌ಲೈನ್ ರಾಜಾಜಿನಗರ:
ಸಂತೋಷ ಗುರು. ಮುಂದೆ ಎಂಜಿನ್ ಟ್ಯೂನ್ ಮಾಡಿಸಿ ಟ್ರ್ಯಾಕಿಗೆ ಇಳಿಸುವ ದಿನ ಬಂದರೆ ನನಗೆ ಮೆಸೇಜ್ ಮಾಡಿ. ಆಗ ಕಾರ್ಬನ್ ಬಗ್ಗೆ ಮತ್ತೆ ಮಾತಾಡೋಣ.

ಹಳೇಜೀಪ್:
ಆ ಯಜಮಾನರ ಗಲ್ಲಿ ಎಲ್ಲಿ ಬರುತ್ತದೆ? ನನ್ನ ಮುಂದಿನ ಶಾಫ್ಟೂ ಈಚೆಗೆ ಸದ್ದು ಮಾಡುತ್ತಿದೆ.

ಬ್ಯೂಗಲ್‌ರಾಕ್:
ಪರ್ಸನಲ್ಲಾಗಿ ಕಳಿಸಿದ್ದೇನೆ. ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಗಲ್ಲಿಯಲ್ಲಿ ಗಾಡಿ ತಿರುಗಿಸಲು ಜಾಗ ಇರುವುದಿಲ್ಲ.