ಆಂಕಿ ಡೆಕ್‌ಗೆ ಕನ್ನಡ ಪದಗಳ ಧ್ವನಿ: ಟಿಟಿಎಸ್ ಸಾಕೇ, ಓದಿಸಬೇಕೇ?

ಪದಗಂಟು:
ಹಿಂದಿ, ಬಂಗಾಳಿ ಮಾತಾಡುವವರು ಕನ್ನಡ ಕಲಿಯಲೆಂದು ಆಂಕಿಯಲ್ಲಿ (ಕಾರ್ಡು ತೋರಿಸಿ ನೆನಪಿಸುವ ಆ್ಯಪ್) 600 ಪದಗಳ ಡೆಕ್ (ಕಾರ್ಡುಗಳ ಕಟ್ಟು) ಮಾಡುತ್ತಿದ್ದೇನೆ. ಪದ, ಅರ್ಥ ತುಂಬಿಯಾಗಿದೆ, ಧ್ವನಿ ಬಾಕಿ. ಟಿಟಿಎಸ್ (ಬರಹವನ್ನು ಕಂಪ್ಯೂಟರೇ ಓದಿ ಹೇಳುವುದು) ಸಾಕೇ? ಒಂದೇ ಉದ್ದ ಫೈಲಿನಲ್ಲಿ ಓದಿಸಿ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನ 'ಲೇಬಲ್ ಸೌಂಡ್ಸ್'ನಿಂದ (ಸದ್ದಿರುವ ಭಾಗಗಳನ್ನು ಗುರುತಿಸುವ ಸೌಲಭ್ಯ) ಕತ್ತರಿಸಿದರೆ 'ಕತ್ತೆ', 'ಅಪ್ಪ' ಥರದ ಪದಗಳು ಎರಡು ತುಂಡಾಗುತ್ತಿವೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಮೊದಲ ಅಕ್ಷರವೇ ಕೇಳಿಸುವುದಿಲ್ಲ.

ನಾದಬಿಂದು:
ತುಂಡಾಗುವುದಕ್ಕೆ ಕಾರಣ ಒತ್ತಕ್ಷರವೇ. 'ತ್ತ' ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಉಸಿರು ಪೂರ್ತಿ ನಿಲ್ಲುತ್ತದೆ. ಅಷ್ಟು ಹೊತ್ತು ಫೈಲಿನಲ್ಲಿ ಬರೀ ಮೌನ. ಪದ ಮುಗಿಯಿತೆಂದು ಸಾಫ್ಟ್‌ವೇರ್ ಅಲ್ಲೇ ಗೆರೆ ಹಾಕುತ್ತದೆ. ಓದುವವರಿಗೆ ಪದ ಪದದ ನಡುವೆ 2 ಸೆಕೆಂಡು ಬಿಡಲು ಹೇಳಿ, ಕನಿಷ್ಠ ಮೌನದ ಅವಧಿಯನ್ನು 0.8 ಸೆಕೆಂಡಿಗೆ ಏರಿಸಿ. ಕೊನೆಯ 'ಉ' ಕಡಿದುಹೋಗುತ್ತಿದ್ದರೆ ('ಹಾಲು', 'ಕಾಳು' ಕೇಳಿ ನೋಡಿ) ಮೌನವೆಂದು ಎಣಿಸುವ ಮಿತಿಯನ್ನು ಮೈನಸ್ 40ರಿಂದ ಮೈನಸ್ 48 ಡೆಸಿಬಲ್ ಕಡೆಗೆ ಇಳಿಸಿ.

'ಟ್ರಂಕೇಟ್ ಸೈಲೆನ್ಸ್' ಮಾತ್ರ ಮುಟ್ಟಲೇಬೇಡಿ. ಅವಧಿ ಚಿಕ್ಕದಾಗಿಟ್ಟರೆ ಅದು ಆ ಮೌನವನ್ನೇ ಕುಗ್ಗಿಸಿ 'ಕತ್ತೆ'ಯನ್ನು 'ಕತೆ'ಯ ಹತ್ತಿರಕ್ಕೆ ತಂದುಬಿಡುತ್ತದೆ. ಕಲಿಯುವವರಿಗೆ ಗೊತ್ತಾಗುವುದೂ ಇಲ್ಲ, ತಪ್ಪನ್ನೇ ಕಲಿಯುತ್ತಾರೆ.

ಬ್ಲೂಟೂತ್ ಸದ್ದಿಲ್ಲದಾಗ ಮಲಗಿ, ಎಚ್ಚರವಾಗುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಪ್ರತಿ ತುಣುಕಿನ ಮುಂದೆ 0.3 ಸೆಕೆಂಡು ಖಾಲಿ ಇಡಿ, ಬಹುತೇಕ ಸರಿಹೋಗುತ್ತದೆ. ಧ್ವನಿಮಟ್ಟ ಸಮ ಮಾಡುವುದು ಕತ್ತರಿಸುವ ಮೊದಲೇ ಆಗಲಿ. ಲೌಡ್‌ನೆಸ್ ಲೆಕ್ಕ ನಡೆಯುವುದು 400 ಮಿಲಿಸೆಕೆಂಡಿನ ತುಂಡುಗಳಲ್ಲಿ. ಅದಕ್ಕಿಂತ ಚಿಕ್ಕ ಪದಕ್ಕೆ ನಂಬುವಂಥ ಅಳತೆ ಸಿಗುವುದಿಲ್ಲ.

ಹೊಸಗನ್ನಡತಿ:
ಒಂಟಿ ಪದಗಳಿಗೆ ಮನುಷ್ಯರ ಧ್ವನಿಯೇ ಬೇಕು ಅನ್ನುವವಳು ನಾನು. ನಿಮ್ಮ ಕಲಿಕೆಯವರಿಗೆ 'ಬೆಲೆ–ಬೆಳೆ', 'ಹುಲಿ–ಹುಳಿ' ಒಂದೇ ಥರ ಕೇಳಿಸುತ್ತವೆ. ಹಿಂದಿಯಲ್ಲಿ ಹ್ರಸ್ವ ಎ, ಒ ಪ್ರತ್ಯೇಕವಾಗಿ ಇಲ್ಲದ್ದರಿಂದ 'ಎಣಿ–ಏಣಿ', 'ಕೊಡು–ಕೋಡು' ಸಹ ಕಷ್ಟ. ಇಂಥ ಜೋಡಿಗಳನ್ನು ಒಬ್ಬರಿಂದಲ್ಲ, ಹೆಂಗಸು ಗಂಡಸು ಸೇರಿ ಮೂರ್ನಾಲ್ಕು ಜನರಿಂದ ಓದಿಸಿ. 1990ರ ದಶಕದ ಮೊದಲಲ್ಲಿ ಮಾತಿನ ಗ್ರಹಿಕೆಯ ಸಂಶೋಧಕ ಪಿಸೋನಿ ಮತ್ತು ಸಂಗಡಿಗರು ಜಪಾನೀಯರಿಗೆ ಇಂಗ್ಲಿಷಿನ ಆರ್–ಎಲ್ ಕಲಿಸಿ ನೋಡಿದಾಗ, ಒಂದೇ ಧ್ವನಿ ಕೇಳಿ ಕಲಿತವರು ಹೊಸಬರ ಬಾಯಲ್ಲಿ ಅದನ್ನು ಗುರುತಿಸಲು ತಡವರಿಸಿದರು. ಹಲವು ಧ್ವನಿ ಕೇಳಿದವರಿಗೆ ಆ ತೊಡಕು ಕಡಿಮೆ.

ಪಟ್ಟಿ ಓದಿಸಿದರೆ ಪದದ ಕೊನೆಯಲ್ಲಿ ರಾಗ ಮೇಲೇರುತ್ತದೆ. ಪ್ರತಿ ಪದವನ್ನೂ ಎರಡು ಸಲ ಹೇಳಿಸಿ, ಎರಡನೆಯದನ್ನು ಇಟ್ಟುಕೊಳ್ಳಿ. ಕ್ರಿಯಾಪದ ಆಡುವ ಹಾಗೇ ಬರಲಿ: 'ಬರ್ತೀನಿ'. ಹಾಳೆ ಕೊಟ್ಟರೆ ಎಲ್ಲರೂ 'ಬರುತ್ತೇನೆ' ಅಂತಲೇ ಓದುತ್ತಾರೆ, ಆದ್ದರಿಂದ ಹಾಳೆಯಲ್ಲೇ ಆಡುಮಾತು ಬರೆದುಕೊಡಿ.

ಉದಾಹರಣೆ ವಾಕ್ಯಗಳಿಗೆ ಟಿಟಿಎಸ್ ನಡೆಯುತ್ತದೆ. ಆದರೆ ಕಾರ್ಡಿನ ಟೆಂಪ್ಲೇಟಿನಲ್ಲಿ (ಅಚ್ಚಿನಲ್ಲಿ) ಟಿಟಿಎಸ್ ಟ್ಯಾಗ್ ಹಾಕಿ ಬಿಡಬೇಡಿ: ಅದು ಆಯಾ ಸಾಧನದಲ್ಲಿರುವ ಕನ್ನಡ ಧ್ವನಿಯನ್ನೇ ನಂಬಿರುತ್ತದೆ, ಇಲ್ಲದಿದ್ದರೆ ಕಾರ್ಡು ಮೂಕ. ಫೈಲ್ ಮಾಡಿ ಸೇರಿಸಿ.

ಕಾರ್ಡುಪೆಟ್ಟಿಗೆ:
ಕಾರ್ಡಿನ ಬಗ್ಗೆ ಯಾರೂ ಹೇಳಿಲ್ಲ. ಮುಂಬದಿಯಲ್ಲಿ ಬರಹವೂ ಧ್ವನಿಯೂ ಇದ್ದರೆ ಕಣ್ಣು ಓದಿಬಿಡುತ್ತದೆ, ಕಿವಿಗೆ ಕೆಲಸವೇ ಇಲ್ಲ. ಕೇಳುವ ಕಾರ್ಡಿನಲ್ಲಿ ಮುಂದೆ ಧ್ವನಿ ಮಾತ್ರ. ಅರ್ಥ ನೋಡಿ ಕನ್ನಡ ಹೇಳುವ ಕಾರ್ಡಿನಲ್ಲಿ ಧ್ವನಿ ಹಿಂದೆ ಮಾತ್ರ. ಜೋಡಿಪದಗಳಿಗೆ ಮೂರನೆಯ ಬಗೆ: ಮುಂದೆ 'ಬೆಲೆ / ಬೆಳೆ' ಎರಡೂ ಬರೆದು ಒಂದನ್ನು ಕೇಳಿಸಿ, ಯಾವುದೆಂದು ಕೇಳಿ. ಧ್ವನಿಗೆ ಪ್ರತ್ಯೇಕ ಫೀಲ್ಡ್ (ಮಾಹಿತಿ ತುಂಬುವ ಖಾನೆ) ಇಡಿ. ಪದದ ಫೀಲ್ಡಿಗೇ ಅಂಟಿಸಿದರೆ ಇದ್ಯಾವುದೂ ಆಗದು.

ಫೈಲ್ ಹೆಸರಿನ ಮೊದಲಲ್ಲಿ ಡೆಕ್ಕಿನದೇ ಒಂದು ಗುರುತು ಇರಲಿ. ಆಂಕಿಯ ಮೀಡಿಯಾ ಫೋಲ್ಡರ್ ಎಲ್ಲ ಡೆಕ್‌ಗಳಿಗೂ ಒಂದೇ, ಒಳಗೆ ಉಪಫೋಲ್ಡರ್ ನಡೆಯುವುದಿಲ್ಲ. ಬರೀ 1, 2, 3 ಎಂದಿಟ್ಟು ನಕಲಿಸಿದರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಎಲ್ಲ ಸೇರಿಸಿದ ಮೇಲೆ 'ಚೆಕ್ ಮೀಡಿಯಾ' ಓಡಿಸಿ, ಕಾಣೆಯಾದ ಫೈಲುಗಳ ಪಟ್ಟಿ ಸಿಗುತ್ತದೆ.

ಪದಗಂಟು:
0.8 ಸೆಕೆಂಡಿಗೆ 'ಕತ್ತೆ' ಇಡಿಯಾಗಿ ಬಂತು, ಥ್ಯಾಂಕ್ಸ್. ಇಬ್ಬರ ಧ್ವನಿ ಹಾಕಿದರೆ ಡೆಕ್ ತೀರಾ ಭಾರವಾಗುವುದೇ?

ನಾದಬಿಂದು:
ಇಲ್ಲ. 64 ಕೆಬಿಪಿಎಸ್ ಮೋನೋ ಎಂಪಿ3 ಸೆಕೆಂಡಿಗೆ 8 ಕೆಬಿ. ಒಂದೂವರೆ ಸೆಕೆಂಡಿನ 1,200 ತುಣುಕು ಅಂದರೆ ಸುಮಾರು 14 ಎಂಬಿ. ವೇವ್ (ಕುಗ್ಗಿಸದ ಧ್ವನಿ ಫೈಲ್) ಆಗಿದ್ದರೆ 160 ಎಂಬಿ ಹತ್ತಿರ. ಮೂಲ ವೇವ್ ಅಳಿಸಬೇಡಿ. ತಿದ್ದಬೇಕಾದಾಗ ಎಂಪಿ3ಯನ್ನೇ ಮತ್ತೆ ಎಂಪಿ3 ಮಾಡಿದರೆ ಸ, ಶ ಸದ್ದುಗಳು ಮೊದಲು ಕೆಡುತ್ತವೆ.