ಲ್ಯಾಟಿನ್: ‘20 ವರ್ಷ ವಾಸವಾಗಿದ್ದ’ ಅನ್ನೋದಕ್ಕೆ ಇಂಪರ್ಫೆಕ್ಟ್ ಯಾಕೆ ಬರಲ್ಲ?

ಪ್ರಶ್ನೆ:
ನಮಸ್ಕಾರ. ನಾಲ್ಕು ತಿಂಗಳಿಂದ ಮನೆಯಲ್ಲೇ ಲ್ಯಾಟಿನ್ ಕಲಿಯುತ್ತಿದ್ದೇನೆ. ಭೂತಕಾಲಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ. ‘ರೈತ ತೋಟದ ಮನೆಯಲ್ಲಿ 20 ವರ್ಷ ವಾಸವಾಗಿದ್ದ’ ಎಂಬುದನ್ನು ಹೀಗೆ ಬರೆದೆ: ಅಗ್ರಿಕೊಲ ಇನ್ ವಿಲ್ಲಾ ವೀಗಿಂತೀ ಅನ್ನೋಸ್ ಹಬಿತಾಬತ್. ನಾನು ಹಾಕಿದ್ದು ಇಂಪರ್ಫೆಕ್ಟ್ ಎಂಬ ಭೂತಕಾಲದ ರೂಪ, ಆದರೆ ಪುಸ್ತಕದ ಕೊನೆಯ ಉತ್ತರದಲ್ಲಿ ‘ಹಬಿತಾವಿತ್’ ಅಂತ ಪರ್ಫೆಕ್ಟ್ ರೂಪ ಇದೆ. 20 ವರ್ಷ ನಡೆದದ್ದು ಅಲ್ವಾ? ತುಂಬಾ ದಿನ ನಡೆದದ್ದಕ್ಕೆ ಇಂಪರ್ಫೆಕ್ಟ್, ಒಂದೇ ಸಲಕ್ಕೆ ಮುಗಿದದ್ದಕ್ಕೆ ಪರ್ಫೆಕ್ಟ್ ಅಂತ ಓದಿದ್ದೆ.

ಉತ್ತರ:
ಆ ನಿಯಮವೇ ನಿಮ್ಮನ್ನು ದಾರಿ ತಪ್ಪಿಸಿದೆ. ಎಷ್ಟು ಕಾಲ ನಡೆಯಿತು ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ರೋಮಿನ ರಾಜರಾದ ರೋಮುಲಸ್ 37 ವರ್ಷ, ನೂಮಾ 43 ವರ್ಷ ಆಳಿದರು ಅಂತ ಹೇಳುವಾಗ ಇತಿಹಾಸಕಾರ ಲಿವಿ ಬಳಸಿದ ರೂಪ ‘ರೇಗ್ನಾವಿತ್’. ಅದು ಪರ್ಫೆಕ್ಟ್. 37 ವರ್ಷಕ್ಕೆ ಮೊದಲೂ ಇದೆ, ಕೊನೆಯೂ ಇದೆ. ಇಡೀ ಆಳ್ವಿಕೆಯನ್ನು ಒಂದು ಗಂಟು ಕಟ್ಟಿ ಕೊಟ್ಟ ಹಾಗೆ. ನಿಮ್ಮ ರೈತನ 20 ವರ್ಷವೂ ಹಾಗೇ.

ಈಗ ಇನ್ನೊಂದು ಸಾಲು ನೋಡಿ. ‘ರೈತ ಆಗಲೇ 20 ವರ್ಷದಿಂದ ವಾಸವಾಗಿದ್ದ.’ ‘ವರ್ಷ’ ಹೋಗಿ ‘ವರ್ಷದಿಂದ’ ಬಂತು. ಅವನು ಆಗಲೂ ಅಲ್ಲೇ ಇದ್ದ, ಗಂಟು ಇನ್ನೂ ಬಿಗಿದಿಲ್ಲ. ಇಲ್ಲಿ ‘ಯಾಮ್ ವೀಗಿಂತೀ ಅನ್ನೋಸ್ ಹಬಿತಾಬತ್’ ಅಂತಲೇ ಬರೆಯಬೇಕು. ಕನ್ನಡದಲ್ಲಿ ಕ್ರಿಯಾಪದ ಎರಡು ಕಡೆಯೂ ‘ವಾಸವಾಗಿದ್ದ’, ವ್ಯತ್ಯಾಸ ಎಲ್ಲ ಆ ‘ಇಂದ’ದಲ್ಲಿದೆ. ಅನುವಾದ ಮಾಡುವಾಗ ಮೊದಲು ಅದನ್ನೇ ಹುಡುಕಿ.

ಪ್ರಶ್ನೆ ಕೇಳಿದವರು:
ಅಬ್ಬಾ, ಇದು ಹೊಳೆದೇ ಇರಲಿಲ್ಲ! ಹಾಗಾದರೆ ‘ಬರೆಯುತ್ತಿದ್ದ’ ಅಂದರೆ ಸ್ಕ್ರೀಬೇಬತ್, ‘ಬರೆದ’ ಅಂದರೆ ಸ್ಕ್ರೀಪ್ಸಿತ್, ‘ಬರೆದಿದ್ದ’ ಅಂದರೆ ಸ್ಕ್ರೀಪ್ಸೆರತ್. ಹೀಗೆ ಜೋಡಿಸಿಕೊಂಡರೆ ಸಾಕಾ?

ಉತ್ತರ:
ಮೊದಲ ಎರಡು ಬಹಳ ಸಲ ಸರಿಹೋಗುತ್ತವೆ. ‘ಬರೆದಿದ್ದಾನೆ’ ಅನ್ನೋದಕ್ಕೂ ಸ್ಕ್ರೀಪ್ಸಿತ್ ಸಾಕು, ಲ್ಯಾಟಿನ್ನಿನಲ್ಲಿ ಅದಕ್ಕೆ ಬೇರೆ ರೂಪ ಇಲ್ಲ. ಮೂರನೆಯದರಲ್ಲಿ ಹುಷಾರು. ‘ಹೋದ ವರ್ಷ ಮೈಸೂರಿಗೆ ಹೋಗಿದ್ದೆ’ ಅಂತ ನಾವು ಸುಮ್ನೆ ಹೇಳ್ತೀವಿ. ಅದರ ನಂತರ ಇನ್ನೇನೋ ನಡೆಯಿತು ಅನ್ನೋ ಅರ್ಥ ಅಲ್ಲಿ ಇರಲೇಬೇಕೆಂದಿಲ್ಲ. ಲ್ಯಾಟಿನ್ನಿನಲ್ಲಿ ಅದು ಬರೀ ಪರ್ಫೆಕ್ಟ್. ‘ಅವಳು ಬರುವಷ್ಟರಲ್ಲಿ ಅವನು ಪತ್ರ ಬರೆದಿದ್ದ’ ಅನ್ನೋ ಥರ, ಹಿಂದಿನದಕ್ಕಿಂತ ಹಿಂದಿನದು ಇದ್ದರೆ ಮಾತ್ರ ಪ್ಲೂಪರ್ಫೆಕ್ಟ್, ಅಂದರೆ ಸ್ಕ್ರೀಪ್ಸೆರತ್ ಥರದ ರೂಪ ಹಾಕಿ.

ಓದುವಾಗ ದೀರ್ಘ ಸ್ವರ ನೋಡೋದನ್ನೂ ಮರೆಯಬೇಡಿ. ‘ವೆನಿತ್’ ಅಂದರೆ ಬರುತ್ತಾನೆ, ‘ವೇನಿತ್’ ಅಂದರೆ ಬಂದ. ರೋಮನ್ ಲಿಪಿಯಲ್ಲಿ ಮೇಲೆ ಗೆರೆ ಹಾಕದಿದ್ದರೆ ಎರಡೂ ಒಂದೇ. ನಾನು ಪದಪಟ್ಟಿಯನ್ನು ಕನ್ನಡ ಲಿಪಿಯಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಎ, ಏ ಬೇರೆ ಬೇರೆ ಇರುವುದು ನಮಗೆ ದೊಡ್ಡ ಅನುಕೂಲ.

ಪ್ರಶ್ನೆ ಕೇಳಿದವರು:
ಕೊನೆಯದೊಂದು. ‘ಬೆಟ್ಟದ ಮೇಲೆ ಒಂದು ಊರು ಇತ್ತು’ ಅಂತ ಕಥೆ ಶುರು ಮಾಡಬೇಕು. ‘ಇರುತ್ತಿತ್ತು’ ಅಲ್ಲವಲ್ಲ, ‘ಇತ್ತು’. ಅದಕ್ಕೇ ಪರ್ಫೆಕ್ಟ್ ರೂಪ ‘ಫುಯಿತ್’ ಹಾಕಿದೆ. ಸರೀನಾ?

ಉತ್ತರ:
ಇಲ್ಲ, ಅಲ್ಲಿ ಇಂಪರ್ಫೆಕ್ಟ್ ರೂಪ ‘ಎರತ್’ ಹಾಕಿ. ಇರುವುದು, ಗೊತ್ತಿರುವುದು, ಹತ್ತಿರ ಇಟ್ಟುಕೊಂಡಿರುವುದು, ಇಂಥ ಮಾತುಗಳಿಗೆ ಕನ್ನಡದಲ್ಲಿ ‘ಉತ್ತಿದ್ದ’ ಬರದಿದ್ದರೂ ಕಥೆಯ ಹಿನ್ನೆಲೆ ಹೇಳುವಾಗ ಲ್ಯಾಟಿನ್ ಸಾಮಾನ್ಯವಾಗಿ ಇಂಪರ್ಫೆಕ್ಟ್ ಬಳಸುತ್ತದೆ. ‘ಫುಯಿತ್’ ಹಾಕಿದರೆ ಊರು ಇತ್ತು, ಈಗಿಲ್ಲ ಅನ್ನೋ ಧ್ವನಿ ಬರಬಹುದು. ವರ್ಜಿಲನ ‘ಈನೀಡ್’ ಕಾವ್ಯದ ಎರಡನೇ ಭಾಗದಲ್ಲಿ ಟ್ರಾಯ್ ಉರಿಯುತ್ತಿರುವ ರಾತ್ರಿ ಪೂಜಾರಿ ಪಾಂಥುಸ್ ಓಡಿಬಂದು ಕಾವ್ಯದ ನಾಯಕ ಈನಿಯಸ್‌ಗೆ ಹೇಳುವುದು ಇದನ್ನೇ: ‘ಫುಯಿಮುಸ್ ತ್ರೋಎಸ್, ಫುಯಿತ್ ಈಲಿಯುಮ್.’ ನಾವು ಟ್ರಾಯ್ ಜನ ಆಗಿದ್ದೆವು, ಟ್ರಾಯ್ ಅಂತ ಒಂದು ಊರಿತ್ತು. ಊರಿನ ಗೋಡೆಗಳು ಇನ್ನೂ ಪೂರ್ತಿ ಬಿದ್ದಿರಲಿಲ್ಲ, ಅವನ ಪಾಲಿಗೆ ಆಗಲೇ ಎಲ್ಲ ಮುಗಿದಿತ್ತು. ನಿಮ್ಮ ಬೆಟ್ಟದ ಊರಿನಲ್ಲಿ ಕಥೆ ಈಗಷ್ಟೇ ಶುರುವಾಗಬೇಕಲ್ವಾ?

ಪ್ರಶ್ನೆ ಕೇಳಿದವರು:
ಹೌದು. ‘ಎರತ್’ ಅಂತ ತಿದ್ದಿದೆ. ಎರಡನೇ ಸಾಲು ಬರೆದು ನಾಳೆ ಹಾಕುತ್ತೇನೆ, ದಯವಿಟ್ಟು ನೋಡಿ.