ಆರ್ಡರ್ ಸ್ಥಿತಿಯ ಬಗ್‌ಗಳಿಗೆ ಓಕ್ಯಾಮಲ್ ಮದ್ದಾಗಬಲ್ಲದೇ?

ಪ್ರಶ್ನೆ: ಎಕ್ಸ್‌ಚೇಂಜ್‌ಗೆ ಟ್ರೇಡಿಂಗ್ ಆರ್ಡರ್ ಕಳಿಸುವ ನಮ್ಮ ಆರ್ಡರ್ ಮ್ಯಾನೇಜ್‌ಮೆಂಟ್ ಸಿಸ್ಟಂ ಸಿ++ನಲ್ಲಿದೆ. ಕ್ಯಾನ್ಸಲ್ ಕಳಿಸಿದ ಮೇಲೆ ಫಿಲ್ (ಆರ್ಡರ್ ಈಡೇರಿತೆಂಬ ಸಂದೇಶ) ಬಂದರೆ ಪೊಸಿಷನ್ (ನಮ್ಮ ಕೈಯಲ್ಲಿರುವ ಒಟ್ಟು ಪ್ರಮಾಣ) ಲೆಕ್ಕ ತಪ್ಪುತ್ತಿದೆ. ಓಕ್ಯಾಮಲ್ ಅಥವಾ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಗೆ ಬದಲಿಸಿದರೆ ಸರಿಹೋದೀತೇ? ಗಾರ್ಬೇಜ್ ಕಲೆಕ್ಷನ್ (ಜಿಸಿ, ಬಳಸದ ಮೆಮೊರಿಯನ್ನು ತಾನೇ ತೆರವು ಮಾಡುವುದು) ವೇಗ ಕೆಡಿಸುವುದಿಲ್ಲವೇ?

ಉತ್ತರ: ಈ ಬಗೆಯ ಬಗ್‌ಗೆ ಖಂಡಿತ ಒಳ್ಳೆಯ ಮದ್ದು. ಕ್ಯಾನ್ಸಲ್ ಎಕ್ಸ್‌ಚೇಂಜ್ ತಲುಪುವಷ್ಟರಲ್ಲಿ ಅಲ್ಲಿ ಆರ್ಡರ್ ಮ್ಯಾಚ್ ಆಗಿಬಿಟ್ಟಿರುತ್ತದೆ, ಹಾಗಾಗಿ ಆ ಫಿಲ್ ಬಂದೇ ಬರುತ್ತದೆ. ಕಳಿಸಿದ್ದು, ಒಪ್ಪಿಗೆಯಾದದ್ದು, ಭಾಗಶಃ ಫಿಲ್ ಆದದ್ದು, ಕ್ಯಾನ್ಸಲ್ ಬಾಕಿ, ಮುಗಿದದ್ದು ಎಂದು ಒಂದೊಂದು ಸ್ಥಿತಿಯನ್ನೂ ವೇರಿಯಂಟ್ ಟೈಪ್‌ನ (ಪಟ್ಟಿ ಮಾಡಿದ ಕೇಸ್‌ಗಳಲ್ಲಿ ಒಂದನ್ನಷ್ಟೇ ಹಿಡಿಯುವ ಟೈಪ್) ಕೇಸ್ ಮಾಡಿ. ಸ್ಥಿತಿ ಮತ್ತು ಬಂದ ಸಂದೇಶ, ಎರಡರ ಜೋಡಿಯ ಮೇಲೆ ಪ್ಯಾಟರ್ನ್ ಮ್ಯಾಚ್ (ಯಾವ ಜೋಡಿಗೆ ಏನು ಮಾಡಬೇಕೆಂಬ ಕೇಸ್‌ಗಳು) ಬರೆಯಿರಿ. ‘ಕ್ಯಾನ್ಸಲ್ ಬಾಕಿ, ಫಿಲ್’ ಜೋಡಿ ಬಿಟ್ಟುಹೋದರೆ ಓಕ್ಯಾಮಲ್ 8ನೇ ವಾರ್ನಿಂಗ್ ಕೊಡುತ್ತದೆ; ಅದನ್ನು ಎರರ್ ಆಗಿಸಿ. ಕೊನೆಯಲ್ಲಿ ಎಲ್ಲಕ್ಕೂ ಹೊಂದುವ ಅಂಡರ್‌ಸ್ಕೋರ್ ಕೇಸ್ ಹಾಕಿದಿರೋ, ಮಾಡಿದ್ದೆಲ್ಲ ವ್ಯರ್ಥ: ನಾಳೆ ಹೊಸ ಸ್ಥಿತಿ ಸೇರಿಸಿದಾಗ ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಫಂಕ್ಷನ್ ಹಳೆಯ ಸ್ಥಿತಿ ಮತ್ತು ಸಂದೇಶ ತೆಗೆದುಕೊಂಡು ಹೊಸ ಸ್ಥಿತಿ ಕೊಡಲಿ, ಅಷ್ಟೇ. ಗಡಿಯಾರವನ್ನು ಒಳಗಿಂದ ಓದಬೇಡಿ, ಸಮಯ ಸಂದೇಶದಲ್ಲೇ ಬರಲಿ. ಆಗ ಲಾಗ್ ಮರುಓಡಿಸಿದರೆ ಅದೇ ಬಗ್ ಅದೇ ಜಾಗದಲ್ಲಿ ಸಿಗುತ್ತದೆ. ಬೆಲೆಯನ್ನು ಫ್ಲೋಟ್‌ನಲ್ಲಿ ಇಡದೆ ಟಿಕ್‌ಗಳ (ಬೆಲೆ ಬದಲಾಗುವ ಕನಿಷ್ಠ ಹೆಜ್ಜೆ) ಪೂರ್ಣಾಂಕವಾಗಿಡಿ. ಓಕ್ಯಾಮಲ್ ಪೂರ್ಣಾಂಕದ 63 ಬಿಟ್ ಧಾರಾಳವಾಗಿ ಸಾಕು.

ಜಿಸಿ ವಿಷಯ: ಓಕ್ಯಾಮಲ್‌ನಲ್ಲಿ ಹೊಸ ವಸ್ತುಗಳು ಹುಟ್ಟುವ ಮೈನರ್ ಹೀಪ್ ಡೀಫಾಲ್ಟ್ ಆಗಿ 256 ಸಾವಿರದಷ್ಟು ವರ್ಡ್, ಅಂದರೆ 64 ಬಿಟ್ ಯಂತ್ರದಲ್ಲಿ 2 ಎಂಬಿ. ಮೈನರ್ ಕಲೆಕ್ಷನ್‌ನ ಖರ್ಚು ಮುಖ್ಯವಾಗಿ ಬದುಕುಳಿದ ವಸ್ತುಗಳದ್ದು, ಸತ್ತವುಗಳದ್ದಲ್ಲ. ತೊಂದರೆ ಕೊಡುವುದು ಆರ್ಡರ್ ಬುಕ್ (ಬೆಲೆವಾರು ಬಾಕಿ ಆರ್ಡರ್‌ಗಳ ಪಟ್ಟಿ): ಹಳೆಯ ರೆಕಾರ್ಡ್‌ನ ಮ್ಯೂಟಬಲ್ ಫೀಲ್ಡ್‌ಗೆ ಹೊಸ ವಸ್ತು ಹಾಕಿದರೆ ರೈಟ್ ಬ್ಯಾರಿಯರ್ (ಬದಲಾವಣೆಯನ್ನು ಜಿಸಿಗೆ ತಿಳಿಸುವ ಹೆಚ್ಚುವರಿ ಕೋಡ್) ಓಡುತ್ತದೆ, ಆ ವಸ್ತು ಬಹುಕಾಲ ಬದುಕುವ ವಸ್ತುಗಳ ಮೇಜರ್ ಹೀಪ್‌ಗೆ ಹೋಗುತ್ತದೆ. ಪೂರ್ಣಾಂಕ ಹಾಕಿದರೆ ಎರಡೂ ಇಲ್ಲ. ಆದ್ದರಿಂದ ಬುಕ್‌ನ ಮಟ್ಟಗಳನ್ನು ಮೊದಲೇ ಹಂಚಿಟ್ಟ ಪೂರ್ಣಾಂಕ ಅರೇಗಳಲ್ಲಿಡಿ. ಇದು ಶುದ್ಧ ಫಂಕ್ಷನಲ್ ಶೈಲಿಯಲ್ಲ, ಆದರೆ ಬಿಸಿ ದಾರಿಯಲ್ಲಿ (ಪದೇ ಪದೇ ಓಡುವ, ವೇಗ ಬೇಕಾದ ಕೋಡ್‌ನಲ್ಲಿ) ಇದೇ ಸರಿ. ಅಳೆಯುವಾಗ ಸರಾಸರಿ ನಂಬಬೇಡಿ, 99.9ನೇ ಪರ್ಸೆಂಟೈಲ್ (ಸಾವಿರಕ್ಕೊಮ್ಮೆ ಆಗುವ ಅತಿ ನಿಧಾನದ ಸಮಯ) ನೋಡಿ.

ಮತ್ತೊಂದು ಉತ್ತರ: ಹ್ಯಾಸ್ಕೆಲ್ ಆರಿಸಿದರೆ ಪೊಸಿಷನ್ ಮೊತ್ತದ ಮೇಲೆ ಕಣ್ಣಿಡಿ. ಲೇಜಿ ಆಗಿ ಕೂಡುತ್ತ ಹೋದರೆ ಮಾಡದ ಲೆಕ್ಕಗಳೇ ಮೆಮೊರಿಯಲ್ಲಿ ಪೇರುತ್ತವೆ, ಮೊತ್ತ ಕೇಳಿದ ಕ್ಷಣ ಎಲ್ಲ ಒಟ್ಟಿಗೆ ಓಡುತ್ತವೆ. ಫೀಲ್ಡ್‌ಗಳನ್ನು ಸ್ಟ್ರಿಕ್ಟ್ (ಲೆಕ್ಕ ತಕ್ಷಣವೇ ಆಗುವಂತೆ) ಮಾಡಿ. ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್ ಬಳಸುವ ‘ಮು’ ಎಂಬ ಹ್ಯಾಸ್ಕೆಲ್ ಉಪಭಾಷೆ ಮೂಲತಃ ಸ್ಟ್ರಿಕ್ಟ್; ಟ್ರೇಡಿಂಗ್ ಕಂಪನಿ ಜೇನ್ ಸ್ಟ್ರೀಟ್ ನೆಚ್ಚಿಕೊಂಡ ಓಕ್ಯಾಮಲ್ ಕೂಡ ಹಾಗೆಯೇ.

ಎಲ್ಲವನ್ನೂ ಒಮ್ಮೆಗೇ ಬದಲಿಸಬೇಡಿ. ಫೀಡ್ ಹ್ಯಾಂಡ್ಲರ್ (ಎಕ್ಸ್‌ಚೇಂಜ್‌ನಿಂದ ಬರುವ ಬೆಲೆ ಮಾಹಿತಿ ಓದುವ ಭಾಗ) ಸಿ++ನಲ್ಲೇ ಇರಲಿ. ಆರ್ಡರ್ ಸ್ಥಿತಿಯ ಭಾಗವನ್ನಷ್ಟೇ ಬೇರೆ ಪ್ರೋಸೆಸ್ ಮಾಡಿ, ನಡುವೆ ಶೇರ್ಡ್ ಮೆಮೊರಿಯ ರಿಂಗ್ ಬಫರ್ (ಸುತ್ತು ತಿರುಗಿ ಬಳಸುವ ಸಂದೇಶ ಸಾಲು) ಇಡಿ. ಮೊದಲು ಹಳೆಯ ಲಾಗ್‌ಗಳನ್ನು ಎರಡರಲ್ಲೂ ಓಡಿಸಿ ಪೊಸಿಷನ್ ಹೋಲಿಸಿ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಯಾವುದು ಸರಿ ಎಂದು ಎಕ್ಸ್‌ಚೇಂಜ್‌ನ ಡ್ರಾಪ್ ಕಾಪಿ (ಎಕ್ಸ್‌ಚೇಂಜ್ ಬೇರೆಯಾಗಿ ಕಳಿಸುವ ವಹಿವಾಟಿನ ಪ್ರತಿ) ನೋಡಿ ತೀರ್ಮಾನಿಸಿ.